ಇಂಜಿನ್ ಎಣ್ಣೆ ತೀರಾ ತಣ್ಣಗಿದ್ದರೂ ಕಷ್ಟ

ಹಳೆಯ ಗಾಡಿಗೆ ಆಯಿಲ್ ಕೂಲರ್ (ಇಂಜಿನ್ ಎಣ್ಣೆಯನ್ನು ತಣಿಸುವ ಭಾಗ) ಹಾಕಿಸಬೇಕು, ಎಣ್ಣೆ ತಣ್ಣಗಿದ್ದಷ್ಟೂ ಒಳ್ಳೆಯದು ಅಂತ ಬರೆದಿದ್ದೀರಿ. ಈ ಎರಡನೇ ಮಾತು ತಪ್ಪು. ಇಂಧನ ಉರಿದಾಗ ಹುಟ್ಟುವ ನೀರಾವಿಯಲ್ಲಿ ಸ್ವಲ್ಪ ಪಿಸ್ಟನ್ ಸುತ್ತಲಿನ ರಿಂಗ್ ದಾಟಿ ಕೆಳಗಿನ ಎಣ್ಣೆಗೆ ಸೇರುತ್ತದೆ. ಎಣ್ಣೆ 90–100 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗದಿದ್ದರೆ ಆ ನೀರು ಆವಿಯಾಗಿ ಹೋಗದೆ ಎಣ್ಣೆಯಲ್ಲಿ ಬೆರೆತು ಕೆಸರಾಗುತ್ತದೆ. ಥರ್ಮೋಸ್ಟಾಟ್ (ಎಣ್ಣೆ ಬಿಸಿಯಾದ ಮೇಲಷ್ಟೇ ಅದನ್ನು ಕೂಲರಿಗೆ ಬಿಡುವ ಕವಾಟ) ಇಲ್ಲದ ಕೂಲರ್ ಹಾಕಿಸಿ, ಚಳಿಗಾಲವಿಡೀ ಗೇಜಿನ ಮುಳ್ಳು 60 ದಾಟಲಿಲ್ಲ ಅಂತ ಬೀಗಿದವನು ನಾನೂ ಹೌದು. ಕೊನೆಗೆ ಆಯಿಲ್ ಮುಚ್ಚಳ ತೆಗೆದರೆ ಅಡಿಗೆಲ್ಲ ಬಿಳಿಚಿದ ಲೋಳೆ!

ಇನ್ನು ಫೋಕ್ಸ್‌ವ್ಯಾಗನ್ ಬೀಟಲ್‌ನಂಥ ಹಳೆಯ, ಫ್ಯಾನ್ ಗಾಳಿಯಿಂದ ತಣಿಯುವ ಕಾರಿನ ಇಂಜಿನ್ನಿಗೆ ಕೂಲರ್ ಕಾರ್ಖಾನೆಯಿಂದಲೇ ಬಂದಿರುತ್ತದೆ. ಅಂಥ ಇಂಜಿನ್ ಅತಿಯಾಗಿ ಬಿಸಿಯಾಗುತ್ತಿದ್ದರೆ ಮೊದಲು ಇಂಜಿನ್ ಸುತ್ತಲಿನ ತಗಡು, ರಬ್ಬರ್ ಸೀಲ್ ನೋಡಿ. ಅವು ಕಿತ್ತುಹೋಗಿದ್ದರೆ ಹೊರಹೋದ ಬಿಸಿಗಾಳಿಯನ್ನೇ ಫ್ಯಾನ್ ಮತ್ತೆ ಎಳೆದುಕೊಳ್ಳುತ್ತದೆ.