ಕೊನೆಯ ಓವರ್ ಸೋತವನಿಗೆ ಮರುದಿನವೂ ಚೆಂಡು ಕೊಡಬೇಕು

ಬೇಸ್‌ಬಾಲ್‌ನ ಅಂಕಿಪಟ್ಟಿಯಲ್ಲಿ ‘ಬ್ಲೋನ್ ಸೇವ್’ ಎಂಬ ಒಂದು ಅಂಕಣವಿದೆ. ತಂಡ ಅಲ್ಪ ಮುನ್ನಡೆಯಲ್ಲಿರುವಾಗ ಕೊನೆಗೆ ಬಂದ ಪಿಚರ್ (ಚೆಂಡೆಸೆಯುವವನು) ಆ ಮುನ್ನಡೆ ಕಳೆದರೆ ಅವನ ಹೆಸರಿಗೆ ಅಲ್ಲೊಂದು ಅಂಕಿ ಸೇರುತ್ತದೆ. ನ್ಯೂಯಾರ್ಕ್ ಯಾಂಕೀಸ್ ತಂಡದ ಮರಿಯಾನೊ ರಿವೆರಾ ಹೆಸರಿನಲ್ಲಿ ಅಂಥವು 80 ಇವೆ. 2019ರಲ್ಲಿ ಇದೇ ರಿವೆರಾ ಆ ಆಟದ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದಾಗ ಮತ ಹಾಕಿದ 425 ಬರಹಗಾರರಲ್ಲಿ ಒಬ್ಬರೂ ಅವರ ಹೆಸರು ಬಿಡಲಿಲ್ಲ. ಅಂಥ ಸರ್ವಾನುಮತ ಅದುವರೆಗೆ ಆ ಆಟದ ದಂತಕಥೆ ಬೇಬ್ ರೂತ್‌ಗೂ ಸಿಕ್ಕಿರಲಿಲ್ಲ. ಅಮೆರಿಕದಲ್ಲಿದ್ದುಕೊಂಡು ಈ ಆಟವನ್ನೂ ನಮ್ಮ ಕ್ರಿಕೆಟ್ಟನ್ನೂ ಒಟ್ಟಿಗೆ ಅನುಸರಿಸುವ ನನಗೆ ಈ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಲು ಆಗುವುದಿಲ್ಲ. ಸೋಲನ್ನು ಬರೆದಿಟ್ಟು ಎಣಿಸುವ ಕ್ರಮ ಇದ್ದುದರಿಂದಲೇ ಆ ಸೋಲುಗಳಿಗೆ ಅವುಗಳ ಗಾತ್ರಕ್ಕಿಂತ ಹೆಚ್ಚಿನ ತೂಕ ಬರಲಿಲ್ಲ. ನಮ್ಮಲ್ಲಿ ಕೊನೆಯ ಓವರ್ ಹಾಕುವವನಿಗೆ ಆ ರಕ್ಷಣೆ ಇಲ್ಲ.

ಮುನ್ನಡೆ ಉಳಿಸಿಕೊಟ್ಟವನಿಗೆ ಸಿಗುವ ಸೇವ್ ಎಂಬುದು 1969ರಿಂದ ಅಧಿಕೃತ ಲೆಕ್ಕ. ಗೆದ್ದ ತಂಡದ ಪಂದ್ಯವನ್ನು ಮುಗಿಸುವ ಪಿಚರ್, ಗೆಲುವಿನ ಶ್ರೇಯ ತನ್ನ ಹೆಸರಿಗೇ ದಾಖಲಾಗಿರದಿದ್ದರೆ, ಮೂರು ರೀತಿಯಲ್ಲಿ ಅದನ್ನು ಗಳಿಸಬಹುದು: ಮೂರು ರನ್ ಅಥವಾ ಅದಕ್ಕಿಂತ ಕಡಿಮೆ ಮುನ್ನಡೆಯಲ್ಲಿ ಬಂದು ಕನಿಷ್ಠ ಒಂದು ಇನಿಂಗ್ (ಎದುರಾಳಿಯ ಮೂವರು ಔಟ್ ಆಗುವವರೆಗಿನ ಸರದಿ, ಪಂದ್ಯಕ್ಕೆ ಅಂಥವು ಒಂಬತ್ತು) ಹಾಕಬೇಕು, ಇಲ್ಲವೇ ಪಂದ್ಯವನ್ನು ಸಮ ಮಾಡಬಲ್ಲ ಆಟಗಾರ ಬೇಸ್‌ನಲ್ಲೋ (ಓಡಿ ತಲುಪುವ ಗುರುತು; ಮೂರು ದಾಟಿ ನಾಲ್ಕನೆಯದಾದ ಹೋಮ್ ಮುಟ್ಟಿದರೆ ಒಂದು ರನ್) ಬ್ಯಾಟಿಂಗ್‌ನಲ್ಲೋ ಅವನ ನಂತರದ ಸರದಿಯಲ್ಲೋ ಇರುವಾಗ ಬರಬೇಕು, ಅದೂ ಅಲ್ಲದಿದ್ದರೆ ಕೊನೆಯ ಮೂರು ಇನಿಂಗ್ಸ್ ಚೆನ್ನಾಗಿ ಹಾಕಿ ಮುಗಿಸಬೇಕು. ರಿವೆರಾ ಇಂಥ 652 ಸೇವ್ ಗಳಿಸಿದರು. 80 ವೈಫಲ್ಯ ಸೇರಿಸಿದರೆ 732 ಅವಕಾಶ, ಅಂದರೆ ನೂರಕ್ಕೆ 89. ಸುಮಾರು ಒಂಬತ್ತು ಸಲಕ್ಕೆ ಒಮ್ಮೆ ಜಗತ್ತಿನ ಅತ್ಯುತ್ತಮ ಪಿಚರ್ ಕೂಡ ಗೆಲ್ಲುವ ಪಂದ್ಯ ಕೈಬಿಟ್ಟಿದ್ದಾನೆ. ಈ ಒಂದು ಅಂಕಿ ಪ್ರೇಕ್ಷಕನ ನಿರೀಕ್ಷೆಯನ್ನು ನೆಲಕ್ಕೆ ತರುತ್ತದೆ. ನಮ್ಮ ಕೊನೆಯ ಓವರ್‌ನ ಬೌಲರ್‌ನಿಂದ ನಾವು ಎಷ್ಟು ಬಯಸಬೇಕು? ಅಳೆಯುವ ಕೋಲೇ ಇಲ್ಲ, ಆದ್ದರಿಂದ ನೂರಕ್ಕೆ ನೂರನ್ನೂ ಬಯಸುತ್ತೇವೆ.

ಪನಾಮಾದ ಪುಯೆರ್ಟೊ ಕೈಮಿಟೊ ಎಂಬ ಮೀನುಗಾರರ ಊರಿನವರು ರಿವೆರಾ. 1990ರಲ್ಲಿ ಯಾಂಕೀಸ್ ಜೊತೆ ಸಹಿ. 1992ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ. ಅದೇ ವರ್ಷ ಎರಡು ಹೊಸ ತಂಡಗಳು ಬೇರೆಯವರ ಆಟಗಾರರನ್ನು ಆರಿಸಿಕೊಳ್ಳುವಾಗ ಯಾಂಕೀಸ್ ಅವರನ್ನು ಕಾಯ್ದಿರಿಸಿರಲಿಲ್ಲ, ಆ ತಂಡಗಳೂ ಆರಿಸಲಿಲ್ಲ. 1995ರ ಮೇನಲ್ಲಿ ಆರಂಭಿಕ ಪಿಚರ್ ಆಗಿ ಮೊದಲ ಪಂದ್ಯ: ನಾಲ್ಕು ಇನಿಂಗ್ಸ್ ತುಂಬುವ ಮೊದಲೇ ಐದು ರನ್ ಕೊಟ್ಟು ಸೋಲು. ಕೆಳಗಿನ ಹಂತಕ್ಕೆ ಕಳಿಸಿದಾಗ ಚೆಂಡಿನ ವೇಗ ಗಂಟೆಗೆ 90 ಮೈಲಿಯ ಆಸುಪಾಸಿನಿಂದ 95ಕ್ಕೆ ಏರಿತು. 1996ರಲ್ಲಿ ಕೊನೆಯವನ ಹಿಂದಿನ ಸರದಿಯಲ್ಲಿ ನಿಂತು 107 ಇನಿಂಗ್ಸ್‌ಗೂ ಹೆಚ್ಚು ಹಾಕಿ 130 ಮಂದಿಯನ್ನು ಚೆಂಡು ಹೊಡೆಯಲು ಬಿಡದೆಯೇ ಸ್ಟ್ರೈಕ್‌ಔಟ್ ಮಾಡಿದರು. 1997ರಲ್ಲಿ ಕ್ಲೋಸರ್ (ಪಂದ್ಯ ಮುಗಿಸುವ ಪಿಚರ್) ಪಟ್ಟ.

ಅದೇ ವರ್ಷ ಅವರಿಗೆ ಕಟರ್ ಎಂಬ ಎಸೆತ ಸಿಕ್ಕಿತು. ಸಹ ಆಟಗಾರ ರಾಮಿರೊ ಮೆಂಡೋಜಾ ಜೊತೆ ಚೆಂಡು ಎಸೆದಾಡುವಾಗ ಅದು ತಾನಾಗಿಯೇ ಒಂದು ಕಡೆಗೆ ಸರಿಯತೊಡಗಿತು. ಹಿಡಿತ ಬಹುಮಟ್ಟಿಗೆ ನೇರ ವೇಗದ ಎಸೆತದ್ದೇ. ಎರಡು ಬೆರಳು ಚೆಂಡಿನ ನಡುವಿನಿಂದ ಕೊಂಚ ಹೊರಗೆ, ಬಿಡುವಾಗ ನಡುಬೆರಳಿನ ಒತ್ತು ಹೆಚ್ಚು, ಮಣಿಕಟ್ಟು ತಿರುಚುವುದಿಲ್ಲ. ಬ್ಯಾಟರ್‌ಗೆ ಅದು ಕೊನೆಯ ಕ್ಷಣದವರೆಗೂ ನೇರ ಎಸೆತವಾಗಿಯೇ ಕಾಣುತ್ತದೆ. 18.44 ಮೀಟರ್ ದೂರದಲ್ಲಿ, 90 ಮೈಲಿಗೂ ಮೀರಿದ ವೇಗದಲ್ಲಿ, ಬ್ಯಾಟರ್ ಮುಂದಿನ ತಟ್ಟೆಯ (ಹೋಮ್) ಹತ್ತಿರ ಬಂದ ಮೇಲೆ ಕೆಲವೇ ಅಂಗುಲ ಸರಿಯುತ್ತದೆ. ವೆಂಕಟೇಶ್ ಪ್ರಸಾದ್ ಲೆಗ್ ಕಟರ್ ನೋಡಿದವರಿಗೆ ದಿಕ್ಕು ಹೇಳಬೇಕಿಲ್ಲ, ಎರಡೂ ಒಂದೇ ಕಡೆ ಹೋಗುತ್ತವೆ. ಪ್ರಸಾದರ ಚೆಂಡು ನೆಲ ಕಚ್ಚಿ ತಿರುಗುತ್ತಿತ್ತು, ರಿವೆರಾ ಚೆಂಡು ಗಾಳಿಯಲ್ಲೇ. ಎಡಗೈ ಬ್ಯಾಟರ್‌ನ ಬೆರಳುಗಳತ್ತ ಅದು ನುಗ್ಗುವುದರಿಂದ ಬ್ಯಾಟಿನ ದಪ್ಪ ಭಾಗಕ್ಕೆ ಸಿಗದೆ ಹಿಡಿಕೆಗೆ ಬಡಿದು ಬ್ಯಾಟೇ ಮುರಿಯುತ್ತದೆ. ಕೆಡುವುದೂ ಈ ಸೂಕ್ಷ್ಮದಲ್ಲೇ. ಬೆರಳಿನ ಒತ್ತು ಸಡಿಲವಾದರೆ ಚೆಂಡು ಸರಿಯದೆ ನೇರ ನಡುವಿಗೆ ಬರುತ್ತದೆ, ಕೈ ಚೆಂಡಿನ ಬದಿಗೆ ಜಾರಿದರೆ ವೇಗ ಸೋರಿ ತಿರುವು ಬೇಗ ಕಾಣಿಸಿಕೊಳ್ಳುತ್ತದೆ. ಹೆಚ್ಚುಕಡಿಮೆ ಈ ಒಂದೇ ಎಸೆತದಿಂದ ಅವರು ಉಳಿದ ವರ್ಷಗಳನ್ನು ಕಳೆದರು.

1997ರ ಅಕ್ಟೋಬರ್‌ನಲ್ಲೇ ಮೊದಲ ದೊಡ್ಡ ಪೆಟ್ಟು ಬಿತ್ತು. ಪ್ಲೇ ಆಫ್ ಸರಣಿ ಗೆಲ್ಲಲು ಇನ್ನು ನಾಲ್ಕು ಔಟ್ ಬೇಕಿದ್ದಾಗ ಕ್ಲೀವ್‌ಲ್ಯಾಂಡ್‌ನ ಸ್ಯಾಂಡಿ ಅಲೋಮರ್ ಹೋಮ್ ರನ್ ಹೊಡೆದು ಸಮ ಮಾಡಿದರು. ಯಾಂಕೀಸ್ ಆ ಪಂದ್ಯವನ್ನೂ ಸರಣಿಯನ್ನೂ ಸೋತಿತು. ತಂಡ ಮುಂದಿನ ವರ್ಷವೂ ರಿವೆರಾ ಅವರನ್ನೇ ಕೊನೆಗೆ ಇಟ್ಟಿತು. 1998, 1999, 2000, ಮೂರು ವರ್ಷವೂ ಚಾಂಪಿಯನ್.

ಆಮೇಲಿನದು 2001ರ ನವೆಂಬರ್ 4, ಅರಿಝೋನಾ, ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ. ಅದನ್ನು ಬಿಡಿಸಿ ನೋಡಲೇಬೇಕು, ಏಕೆಂದರೆ ‘ರಿವೆರಾ ಸೋತರು’ ಎಂಬ ಎರಡು ಪದದಲ್ಲಿ ನಡೆದದ್ದು ಹಿಡಿಯುವುದಿಲ್ಲ. ಎಂಟನೇ ಇನಿಂಗ್‌ನಲ್ಲಿ ಬಂದು ಮೂವರನ್ನೂ ಸ್ಟ್ರೈಕ್‌ಔಟ್ ಮಾಡಿದ್ದರು. ಒಂಬತ್ತರಲ್ಲಿ 2–1 ಮುನ್ನಡೆ. ಮಾರ್ಕ್ ಗ್ರೇಸ್ ಸಿಂಗಲ್. ಮುಂದಿನವನು ಮೆಲ್ಲಗೆ ತಟ್ಟಿ ಉರುಳಿಸಿದ ಚೆಂಡನ್ನು (ಇದಕ್ಕೆ ಬಂಟ್ ಎನ್ನುತ್ತಾರೆ) ರಿವೆರಾ ಹೆಕ್ಕಿ ಎರಡನೇ ಬೇಸ್‌ಗೆ ಎಸೆದರು, ಎಸೆತ ಜಾರಿತು. ಇದು ಅವರದೇ ತಪ್ಪು, ಪಿಚಿಂಗ್‌ನದಲ್ಲ, ಫೀಲ್ಡಿಂಗ್‌ನದು. ಮತ್ತೊಂದು ಬಂಟ್‌ಗೆ ಮೂರನೇ ಬೇಸ್‌ನಲ್ಲಿ ಒಂದು ಔಟ್ ಸಿಕ್ಕಿತು. ಟೋನಿ ವೊಮ್ಯಾಕ್ ಡಬಲ್ (ಎರಡು ಬೇಸ್‌ನ ಹೊಡೆತ) ಹೊಡೆದು ಸಮ ಮಾಡಿದರು. ಒಳನುಗ್ಗಿದ ಎಸೆತ ಕ್ರೇಗ್ ಕೌನ್ಸೆಲ್‌ಗೆ ತಗುಲಿ ಬೇಸ್‌ಗಳು ತುಂಬಿದವು. ಮೂರನೇ ಬೇಸ್‌ನವನನ್ನು ಹೋಮ್‌ನಲ್ಲೇ ತಡೆಯಬೇಕೆಂದು ಒಳವಲಯದ ಫೀಲ್ಡರ್‌ಗಳನ್ನು ಮುಂದಕ್ಕೆ ಕರೆದರು. ಎಡಗೈಯ ಲೂಯಿಸ್ ಗೊನ್ಸಾಲೆಸ್‌ಗೆ ಕಟರ್ ಬಿತ್ತು. ಆ ಎಸೆತ ಮಾಡಬೇಕಾದ್ದನ್ನೇ ಮಾಡಿತು: ಬ್ಯಾಟಿನ ಹಿಡಿಕೆಯ ಕಡೆ ಬಡಿಯಿತು, ಚೆಂಡು ಸತ್ತಂತೆ ಮೇಲೆದ್ದು ಒಳವಲಯದ ಫೀಲ್ಡರ್ ಡೆರೆಕ್ ಜೀಟರ್ ತಲೆಯ ಮೇಲಿಂದ ಹುಲ್ಲಿನ ಅಂಚಿಗೆ ಬಿತ್ತು, ಅರಿಝೋನಾ ಗೆದ್ದಿತು. ಜೀಟರ್ ತಮ್ಮ ಮಾಮೂಲಿ ಜಾಗದಲ್ಲಿದ್ದಿದ್ದರೆ ಅದು ಸುಲಭದ ಕ್ಯಾಚ್. ಮೊಂಡು ಹೊಡೆತ ತರಿಸುವ ಪಿಚರ್‌ಗೆ ಫೀಲ್ಡರ್‌ಗಳನ್ನು ಮುಂದೆ ತಂದದ್ದೇ ಮುಳುವಾಯಿತು ಎಂಬುದು ನನ್ನ ಅಭಿಪ್ರಾಯ, ಆದರೂ ಮೂರನೇ ಬೇಸ್‌ನಲ್ಲಿ ಗೆಲುವಿನ ರನ್ ನಿಂತಿರುವಾಗ ಬೇರೆ ದಾರಿ ಕಡಿಮೆ.

ಇಷ್ಟೂ ವಿವರ ಅಮೆರಿಕದ ಸಾಮಾನ್ಯ ಅಭಿಮಾನಿಗೆ ಗೊತ್ತಿದೆ. ಇಲ್ಲಿ ಪಂದ್ಯದ ನಂತರ ಡ್ರೆಸ್ಸಿಂಗ್ ಕೋಣೆಯ ಬಾಗಿಲು ಪತ್ರಕರ್ತರಿಗೆ ತೆರೆಯುತ್ತದೆ, ಸೋತ ಪಿಚರ್ ತನ್ನ ಜಾಗದಲ್ಲಿ ನಿಂತು ಯಾವ ಎಸೆತ, ಎಲ್ಲಿಗೆ ಉದ್ದೇಶಿಸಿದ್ದು, ಎಲ್ಲಿಗೆ ಹೋಯಿತು ಎಂದು ಹೇಳುತ್ತಾನೆ. ನಮ್ಮಲ್ಲಿ ಹೆಚ್ಚಾಗಿ ನಾಯಕ ಬಂದು ಮಾತಾಡುತ್ತಾನೆ, ಬೌಲರ್ ಬಗ್ಗೆ ಉಳಿದವರು ಊಹಿಸುತ್ತಾರೆ.

2004ರ ಪ್ಲೇ ಆಫ್‌ನಲ್ಲಿ ಬೋಸ್ಟನ್ ಎದುರು 3–0 ಮುಂದಿದ್ದ ಸರಣಿ ಕೈತಪ್ಪಿತು. ಆ ಸರಣಿಯ ಮುಂಚೆ ಪನಾಮಾದ ಅವರ ಮನೆಯ ಈಜುಕೊಳದಲ್ಲಿ ಇಬ್ಬರು ಬಂಧುಗಳು ತೀರಿಕೊಂಡಿದ್ದರು, ಅಂತ್ಯಕ್ರಿಯೆ ಮುಗಿಸಿ ಬಂದು ಮೊದಲ ಪಂದ್ಯದಲ್ಲೇ ಸೇವ್ ಪಡೆದರು. ನಾಲ್ಕನೇ ಪಂದ್ಯದಲ್ಲಿ ಕೆವಿನ್ ಮಿಲ್ಲರ್‌ಗೆ ಕೊಟ್ಟ ವಾಕ್ (ನಾಲ್ಕು ಗುರಿ ತಪ್ಪಿದ ಎಸೆತಕ್ಕೆ ಪುಕ್ಕಟೆ ಸಿಗುವ ಮೊದಲ ಬೇಸ್) ದುಬಾರಿಯಾಯಿತು. ಬದಲಿ ಓಟಗಾರ ಡೇವ್ ರಾಬರ್ಟ್ಸ್ ಎರಡನೇ ಬೇಸ್ ಕದ್ದರು, ಬಿಲ್ ಮ್ಯೂಲರ್ ಹೊಡೆತಕ್ಕೆ ಪಂದ್ಯ ಸಮವಾಯಿತು. ಅದರ ಹೊಣೆ ರಿವೆರಾರದ್ದೇ. ಐದನೇ ಪಂದ್ಯದ ಕಥೆ ಬೇರೆ: ಹಿಂದಿನ ಪಿಚರ್ ಬಿಟ್ಟುಹೋದ ಓಟಗಾರ ಮೂರನೇ ಬೇಸ್‌ನಲ್ಲಿದ್ದ, ಒಬ್ಬನೂ ಔಟ್ ಆಗಿರಲಿಲ್ಲ. ಒಂದು ಎತ್ತರದ ಕ್ಯಾಚ್‌ನ ಬೆನ್ನಿಗೆ ಅವನು ಓಡಿಬಂದು ಪಂದ್ಯ ಸಮ ಮಾಡಿದ. ಪಟ್ಟಿಯಲ್ಲಿ ಅದೂ ರಿವೆರಾ ಹೆಸರಿನ ಬ್ಲೋನ್ ಸೇವ್. ಅಂಕಣಕ್ಕೂ ಕುರುಡಿದೆ ಎಂದು ಒಪ್ಪುತ್ತೇನೆ. ಆದರೆ ಬರೆದಿಟ್ಟದ್ದನ್ನು ತಿದ್ದಬಹುದು, ವಾದಿಸಬಹುದು. ಪ್ಲೇ ಆಫ್ ಹಂತದಲ್ಲಿ ಅವರ ಒಟ್ಟು ಲೆಕ್ಕ 141 ಇನಿಂಗ್ಸ್‌ನಲ್ಲಿ ಫೀಲ್ಡಿಂಗ್ ತಪ್ಪಿನಿಂದ ಬಂದವನ್ನು ಬಿಟ್ಟು 11 ರನ್, ಅಂದರೆ ಒಂಬತ್ತು ಇನಿಂಗ್ಸ್‌ಗೆ 0.70. ಮೇಲೆ ಹೇಳಿದ ಸೋಲುಗಳೆಲ್ಲ ಇದರೊಳಗೇ ಸೇರಿವೆ.

ಈಗ ಬೆಂಗಳೂರಿಗೆ ಬನ್ನಿ. 2013ರ ನವೆಂಬರ್ 2, ಚಿನ್ನಸ್ವಾಮಿ ಕ್ರೀಡಾಂಗಣ, ಆಸ್ಟ್ರೇಲಿಯಾ ವಿರುದ್ಧ ಏಕದಿನ. ರೋಹಿತ್ ಶರ್ಮಾ 209, ಭಾರತ 383. ಜೇಮ್ಸ್ ಫಾಕ್ನರ್ 116 ಹೊಡೆದರೂ ಆಸ್ಟ್ರೇಲಿಯಾ 326ಕ್ಕೆ ಮುಗಿಯಿತು. ಒಂದೇ ದಿನ 709 ರನ್, 38 ಸಿಕ್ಸರ್. ನಮ್ಮ ವಿನಯ್ ಕುಮಾರ್ ಒಂಬತ್ತು ಓವರ್‌ಗೆ 102 ಕೊಟ್ಟು ಒಂದು ವಿಕೆಟ್ ಪಡೆದರು. ಭಾರತ 57 ರನ್‌ಗಳಿಂದ ಗೆದ್ದಿತು, ಸರಣಿಯನ್ನೂ ಗೆದ್ದಿತು. ವಿನಯ್ ಅವರ ಕೊನೆಯ ಏಕದಿನ ಪಂದ್ಯ ಅದೇ ಆಯಿತು. ತಂಡ ಗೆದ್ದ ದಿನದ ಅಂಕಿ ಒಬ್ಬ ಬೌಲರ್‌ನ ಹೆಸರಿಗೆ ಹಚ್ಚೆಯಂತೆ ಅಂಟಿತು. ಅದೇ ಋತುವಿನಲ್ಲಿ, ಅದರ ಮುಂದಿನದರಲ್ಲಿಯೂ ಅವರ ನಾಯಕತ್ವದಲ್ಲಿ ಕರ್ನಾಟಕ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆದ್ದಿತು. 2015ರ ರಣಜಿ ಫೈನಲ್‌ನಲ್ಲಿ ತಮಿಳುನಾಡನ್ನು 134ಕ್ಕೆ ಉರುಳಿಸುವಾಗ ಐದು ವಿಕೆಟ್ ಅವರದು, ಆಮೇಲೆ ಬ್ಯಾಟಿಂಗ್‌ನಲ್ಲಿ ಅಜೇಯ 105. ದಾವಣಗೆರೆಯ ಈ ಹುಡುಗನ ಹೆಸರು ಹೇಳಿದರೆ ಕರ್ನಾಟಕದ ಹೊರಗೆ ಇವತ್ತಿಗೂ ಮೊದಲು ಬರುವುದು ಆ 102. ನನಗೆ ಇದು ನೋವಿನ ಮಾತು.

ಚೇತನ್ ಶರ್ಮಾ ಇನ್ನೂ ಹಳೆಯ ಉದಾಹರಣೆ. 1986ರ ಏಪ್ರಿಲ್‌ನಲ್ಲಿ ಶಾರ್ಜಾದ ಕೊನೆಯ ಚೆಂಡನ್ನು ಪಾಕಿಸ್ತಾನದ ಜಾವೇದ್ ಮಿಯಾಂದಾದ್ ಸಿಕ್ಸರ್‌ಗೆ ಎತ್ತಿದರು. ಮರುವರ್ಷ ನಾಗಪುರದಲ್ಲಿ ವಿಶ್ವಕಪ್‌ನ ಮೊಟ್ಟಮೊದಲ ಹ್ಯಾಟ್ರಿಕ್ ಪಡೆದದ್ದು ಅದೇ ಚೇತನ್. ನೆನಪಿನಲ್ಲಿ ಗೆದ್ದದ್ದು ಸಿಕ್ಸರ್.

ಅಮೆರಿಕದವರೇನೂ ಮೆದು ಮನಸ್ಸಿನವರಲ್ಲ. 1993ರ ವರ್ಲ್ಡ್ ಸೀರೀಸ್‌ನ ಕೊನೆಯ ಹೋಮ್ ರನ್ ಬಿಟ್ಟುಕೊಟ್ಟ ಫಿಲಡೆಲ್ಫಿಯಾದ ಮಿಚ್ ವಿಲಿಯಮ್ಸ್‌ಗೆ ಕೊಲೆ ಬೆದರಿಕೆಗಳು ಬಂದವು, ಆ ಚಳಿಗಾಲದಲ್ಲೇ ಅವರನ್ನು ಬೇರೆ ತಂಡಕ್ಕೆ ಕೊಟ್ಟರು. ಅದೇ ಊರಿನಲ್ಲಿ ಬ್ರ್ಯಾಡ್ ಲಿಡ್ಜ್ 2008ರಲ್ಲಿ ಪ್ಲೇ ಆಫ್ ಸೇರಿ 48ಕ್ಕೆ 48 ಸೇವ್ ಮಾಡಿ ಕಪ್ ಗೆಲ್ಲಿಸಿದರು. ಮರುವರ್ಷ ಒಂಬತ್ತು ಇನಿಂಗ್ಸ್‌ಗೆ ಅವರು ಕೊಟ್ಟ ರನ್‌ಗಳ ಸರಾಸರಿ 7.21, ಕೈಬಿಟ್ಟ ಪಂದ್ಯ 11. ಆದರೂ ಆ ವರ್ಷ 31 ಸೇವ್ ಅವರ ಖಾತೆಯಲ್ಲಿವೆ, ಅಂದರೆ ಸೋತ ಮೇಲೂ ಚೆಂಡು ಅವರ ಕೈಗೆ ಬರುತ್ತಲೇ ಇತ್ತು. ಇದಕ್ಕೆ ದೊಡ್ಡ ಕಾರಣ ವೇಳಾಪಟ್ಟಿ. ಋತುವಿಗೆ 162 ಪಂದ್ಯ, ಬಹುತೇಕ ದಿನಾ ಆಟ. ರಿವೆರಾ 19 ಋತುಗಳಲ್ಲಿ 1,115 ಪಂದ್ಯಗಳಲ್ಲಿ ಚೆಂಡು ಹಿಡಿದರು. ನಮ್ಮ ರಾಜ್ಯದ ವೇಗಿಗೆ ಟಿ20 ಋತುವಿನಲ್ಲಿ ಸಿಗುವುದು ಕೆಲವೇ ಪಂದ್ಯ, ಪಂದ್ಯಕ್ಕೆ ನಾಲ್ಕು ಓವರ್. ಸಂಖ್ಯೆ ಕಡಿಮೆ ಇರುವಲ್ಲಿ ಒಂದು ಕೆಟ್ಟ ರಾತ್ರಿಯ ಮೇಲೆ ತೀರ್ಪು ಕೊಡುವುದು ಇನ್ನಷ್ಟು ತಪ್ಪು, ನಾವು ಮಾಡುವುದು ಅದನ್ನೇ.

2012ರ ಮೇ 3ರಂದು ಕ್ಯಾನ್ಸಸ್ ಸಿಟಿಯಲ್ಲಿ ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲಿ ಕ್ಯಾಚ್ ಹಿಡಿಯಲು ಓಡಿ ರಿವೆರಾ ಬಲ ಮಂಡಿಯ ಅಸ್ಥಿರಜ್ಜು ಹರಿದುಕೊಂಡರು. ವಯಸ್ಸು 42. ಮರಳಿ ಬಂದು 2013ರಲ್ಲಿ 44 ಸೇವ್, ಸರಾಸರಿ 2.11. ಆ ವರ್ಷವೂ ಏಳು ಸಲ ಕೈತಪ್ಪಿತು.

ನಮ್ಮಲ್ಲಿ ಇದನ್ನು ತರುವುದು ಕಷ್ಟವಲ್ಲ. ರಾಜ್ಯದ ಟಿ20 ಲೀಗ್ ಆದ ಮಹಾರಾಜ ಟ್ರೋಫಿಯ ಸ್ಕೋರರ್‌ಗಳು ಕೊನೆಯ ನಾಲ್ಕು ಓವರ್ ಹಾಕುವ ಪ್ರತಿ ಬೌಲರ್‌ಗೆ ಮೂರು ಸಂಗತಿ ಹೆಚ್ಚಾಗಿ ಬರೆದರೆ ಸಾಕು: ಚೆಂಡು ಕೈಗೆ ಬಂದಾಗ ಎದುರಾಳಿಗೆ ಎಷ್ಟು ಚೆಂಡಿಗೆ ಎಷ್ಟು ರನ್ ಬೇಕಿತ್ತು, ಎಷ್ಟು ವಿಕೆಟ್ ಉಳಿದಿದ್ದವು, ಅವನು ಓವರ್ ಮುಗಿಸಿದಾಗ ಆ ಲೆಕ್ಕ ಎಲ್ಲಿಗೆ ಬಂತು. ಬಿಟ್ಟ ಕ್ಯಾಚ್ ಮತ್ತು ಅಂಚಿಗೆ ತಗುಲಿ ಹೋದ ಬೌಂಡರಿಗೆ ಬೇರೆ ಗುರುತು ಇರಲಿ. ಮೊದಲು ಬೌಲ್ ಮಾಡುವ ತಂಡಕ್ಕೆ ಬೆನ್ನಟ್ಟುವ ಗುರಿ ಇರುವುದಿಲ್ಲವಾದ್ದರಿಂದ ಅದೇ ಮೈದಾನದ ಆ ಋತುವಿನ ಕೊನೆಯ ಓವರ್‌ಗಳ ಸರಾಸರಿಗೆ ಹೋಲಿಸಬೇಕು. ಮೈಸೂರಿನ ಓವರ್‌ಗೂ ಚಿನ್ನಸ್ವಾಮಿಯ ಓವರ್‌ಗೂ ಒಂದೇ ಮಾನದಂಡ ಸಲ್ಲದು. ಎರಡು ಋತು ಕಳೆದರೆ ಆಯ್ಕೆಗಾರರ ಮೇಜಿನ ಮೇಲೆ ಒಂದು ಪಟ್ಟಿ ಸಿದ್ಧವಾಗಿರುತ್ತದೆ, ಯಾವ ಹುಡುಗನಿಗೆ ಮುಂದಿನ ಪಂದ್ಯದ ಇಪ್ಪತ್ತನೇ ಓವರ್ ಕೊಡಬೇಕೆಂದು ಅದನ್ನು ನೋಡಿ ನಿರ್ಧರಿಸಬಹುದು.