ಮಡಚುವ ಚಾಕು ಕೊಳ್ಳುವವರು ಮೊದಲು ಅದರ ಬೆನ್ನು ನೋಡಿ

ಚಾಕು ಕೈಗೆ ಬಂದ ಕೂಡಲೇ ಹರಿತ ನೋಡಲು ಕಾಗದ ಹುಡುಕುವ ಜನರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಇವತ್ತು ಮಧ್ಯಾಹ್ನ ಆ ಸಿಟ್ಟು ನೆತ್ತಿಗೇರಿದೆ. ಬರಹ ಉದ್ದವಾಗುತ್ತದೆ, ವ್ಯವಧಾನ ಇದ್ದವರು ಓದಿ.

ನನ್ನ ತಂಗಿಯ ಮಗ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಇರುವುದು ನಿಮಗೆಲ್ಲ ಗೊತ್ತು. ಅಲ್ಲಿಯ ಒಬ್ಬ ಕಸುಬುದಾರರಿಗೆ ಹೇಳಿ ನನಗಾಗಿ ಒಂದು ಮಡಚುವ ಚಾಕು ಮಾಡಿಸಿ, ಈ ಸಲ ರಜೆಗೆ ಬರುವಾಗ ತಂದುಕೊಟ್ಟ. ಒಂದೇ ಅಲಗು, ಮೂರು ಇಂಚಿಗೆ ತುಸು ಕಡಿಮೆ. ಎಮ್ಮೆ ಕೊಂಬಿನ ಹಿಡಿ, ಅದರ ಒಳಗೆ ಎರಡೂ ಬದಿಗೆ ಹಿತ್ತಾಳೆಯ ತೆಳು ತಗಡು, ಅಂದರೆ ಲೈನರ್, ಎರಡೂ ತುದಿಗೆ ನಿಕಲ್ ಸಿಲ್ವರಿನ ಲೋಹದ ಕಟ್ಟು, ಅಂದರೆ ಬೋಲ್‌ಸ್ಟರ್. ತೆರೆದ ಅಲಗು ಮಡಚಿಕೊಳ್ಳದಂತೆ ತಡೆಯುವ ಲಾಕ್ ಇಲ್ಲ. ಬೆನ್ನಿನ ಉದ್ದಕ್ಕೂ ಇರುವ ಉಕ್ಕಿನ ಸ್ಪ್ರಿಂಗೇ ಅಲಗನ್ನು ತೆರೆದಾಗಲೂ ಮುಚ್ಚಿದಾಗಲೂ ಒತ್ತಿ ಹಿಡಿಯುತ್ತದೆ. ಸ್ಲಿಪ್‌ಜಾಯಿಂಟ್ ಅಂತ ಕರೆಯುವುದು ಇದನ್ನೇ.

ಊಟ ಆದಮೇಲೆ ಷಡ್ಡಕನ ಮಗ ಅದನ್ನು ಕೈಗೆ ತೆಗೆದುಕೊಂಡ. ಬುದ್ಧಿವಂತ ಹುಡುಗ, ಒಳ್ಳೆ ಕೆಲಸದಲ್ಲಿದ್ದಾನೆ, ಚಾಕುಗಳ ವಿಡಿಯೋ ನೋಡುವ ಅಭ್ಯಾಸವೂ ಇದೆ. "ದೊಡ್ಡಪ್ಪ, ಯಾವ ಸ್ಟೀಲು?" ಅಂದ. ಓ-1 ಅಂದೆ, ಎಣ್ಣೆಯಲ್ಲಿ ಅದ್ದಿ ಗಡಸು ಮಾಡುವ ಒಂದು ಟೂಲ್ ಸ್ಟೀಲು. "ಅಯ್ಯೋ, ತುಕ್ಕು ಹಿಡಿಯುತ್ತಲ್ವಾ? ಎಷ್ಟು ಎಚ್‌ಆರ್‌ಸಿ?" ಎಚ್‌ಆರ್‌ಸಿ ಅಂದರೆ ಉಕ್ಕಿನ ಗಡಸುತನದ ಅಳತೆ. ಉತ್ತರಕ್ಕೆ ಕಾಯಲೂ ಇಲ್ಲ, ಪೇಪರಿನ ಅಂಚು ಹಿಡಿದು ಸರಕ್ಕನೆ ಕತ್ತರಿಸಿದ. "ಶಾರ್ಪ್ ಏನೋ ಇದೆ. ಆದ್ರೆ ಇಷ್ಟಕ್ಕೆ ಅಷ್ಟು ದುಡ್ಡಾ? ಲಾಕ್ ಕೂಡ ಇಲ್ಲ." ಮುಗಿಯಿತು. ಚಾಕು ಟೇಬಲ್ಲಿನ ಮೇಲೆ ಬಿತ್ತು. ಅದನ್ನು ಒಂದು ಸಲ ನಿಧಾನವಾಗಿ ಮಡಚಿ ನೋಡಲಿಲ್ಲ. ಬೆನ್ನು ತಿರುಗಿಸಿ ನೋಡಲಿಲ್ಲ. ಮಡಚುವ ಚಾಕುವನ್ನು ಮಡಚದೆಯೇ ತೀರ್ಪು ಕೊಟ್ಟ.

ಕಾಗದ ಕತ್ತರಿಸುವುದರಿಂದ ಗೊತ್ತಾಗುವುದು ಒಂದೇ: ಇತ್ತೀಚೆಗೆ ಯಾರೋ ಅದಕ್ಕೆ ಚೆನ್ನಾಗಿ ಸಾಣೆ ಹಿಡಿದಿದ್ದಾರೆ ಅಂತ. ನಾನು ದುಡಿದ ಟೂಲ್‌ರೂಮಿನಲ್ಲಿ, ಅಂದರೆ ಕಾರ್ಖಾನೆಗೆ ಬೇಕಾದ ಉಪಕರಣ ಮಾಡುವ ವಿಭಾಗದಲ್ಲಿ, ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡನ್ನು ಗ್ರೈಂಡರಿಗೆ ಹಿಡಿದು, ಆಯಿಲ್ ಸ್ಟೋನ್ ಮೇಲೆ ನಾಲ್ಕು ಸಲ ಎಳೆದು, ಇನ್ಸುಲೇಷನ್ ಟೇಪು ಸುತ್ತಿ ಚಾಕು ಮಾಡಿಕೊಳ್ಳದ ಹುಡುಗರೇ ಇರಲಿಲ್ಲ. ಅದೂ ಕಾಗದ ಕತ್ತರಿಸುತ್ತಿತ್ತು. ಹರಿತ ಅನ್ನುವುದು ಬರುತ್ತದೆ, ಹೋಗುತ್ತದೆ. ಮೊಂಡಾದರೆ ಮನೆಯಲ್ಲೇ ಮತ್ತೆ ತರಿಸಬಹುದು. ಆದರೆ ಅಲಗು ತಿರುಗುವ ಕೀಲು ಕೆಟ್ಟಿದ್ದರೆ ನೀವು ಏನೂ ಮಾಡುವ ಹಾಗಿಲ್ಲ. ಮಡಚುವ ಚಾಕುವಿನ ಪ್ರಾಣ ಇರುವುದು ಕೀಲಿನಲ್ಲಿ. ನಾನು ಹೇಳಬೇಕಾಗಿರುವುದು ಇಷ್ಟೇ, ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ.

ಈ ಚಾಕುವನ್ನೇ ತೆಗೆದುಕೊಳ್ಳಿ. ಮುಚ್ಚಿದಾಗ ಬೆನ್ನಿನ ಮೇಲೆ ಹೆಬ್ಬೆರಳಿನ ಉಗುರನ್ನು ಅಡ್ಡಡ್ಡ ಎಳೆದರೆ ಹಿತ್ತಾಳೆ, ಉಕ್ಕು, ಮತ್ತೆ ಹಿತ್ತಾಳೆ, ಎಲ್ಲೂ ಉಗುರು ಸಿಕ್ಕಿಕೊಳ್ಳುವುದಿಲ್ಲ. ಅಲಗನ್ನು ಅರ್ಧ ತೆರೆಯಿರಿ. ಸರಿಯಾಗಿ 90 ಡಿಗ್ರಿಯಲ್ಲಿ 'ಟಕ್' ಅಂತ ಒಮ್ಮೆ ನಿಲ್ಲುತ್ತದೆ. ಮುಚ್ಚುವಾಗ ಬೆರಳು ಎಚ್ಚರವಾಗಲಿ ಅಂತ ಇರುವ ನಿಲುಗಡೆ ಇದು, ಹಾಫ್ ಸ್ಟಾಪ್. ಅಲ್ಲೂ ಉಗುರು ಎಳೆಯಿರಿ, ಸಮ. ಪೂರ್ತಿ ತೆರೆಯಿರಿ, ಅಲ್ಲೂ ಸಮ. ಮೂರೂ ಕಡೆ ಸ್ಪ್ರಿಂಗು ಲೈನರಿಗೆ ಸಮವಾಗಿ ಕೂರಬೇಕಾದರೆ ಅಲಗಿನ ಬುಡ, ಅಂದರೆ ಟ್ಯಾಂಗಿನ ಮೂರು ಮುಖಗಳು ಕೀಲಿನ ತೂತಿನ ನಡುವಿನಿಂದ ಒಂದೇ ದೂರದಲ್ಲಿರಬೇಕು. ಒಂದು ಮುಖಕ್ಕೆ ಅರದ ಒಂದು ಎಳೆತ ಹೆಚ್ಚಾದರೆ ಆ ನಿಲುಗಡೆಯಲ್ಲಿ ಸ್ಪ್ರಿಂಗು ತಗ್ಗುತ್ತದೆ, ಕಮ್ಮಿಯಾದರೆ ಉಬ್ಬುತ್ತದೆ. ಒಂದನ್ನು ಸರಿಮಾಡಲು ಹೋದರೆ ಉಳಿದೆರಡನ್ನೂ ಮತ್ತೆ ಮುಟ್ಟಬೇಕು. ಹಾರ್ಡ್ನಿಂಗಿಗೆ, ಅಂದರೆ ಉಕ್ಕನ್ನು ಕಾಯಿಸಿ ಅದ್ದಿ ಗಡಸು ಮಾಡುವುದಕ್ಕೆ ಮೊದಲು ಇದನ್ನೆಲ್ಲ ಕೂಡಿಸಿ, ಬಿಚ್ಚಿ, ತಿಕ್ಕಿ, ಮತ್ತೆ ಕೂಡಿಸಬೇಕು. ಹಾರ್ಡ್ನಿಂಗ್ ಆದಮೇಲೆ ಉಕ್ಕು ಕೂದಲೆಳೆಯಷ್ಟಾದರೂ ಅಲುಗಿರುತ್ತದೆ, ಇನ್ನೊಂದು ಸಲ ಅದೇ ಕೆಲಸ. ಫಿಟ್ಟಿಂಗ್ ಮಾಡಿ ಕೈ ಸವೆಸಿದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲ ಕೂಡಿ ಬಂದಮೇಲೆ ರಿವೆಟ್. ಸ್ಕ್ರೂ ಇಲ್ಲ, ಆಮೇಲೆ ಬಿಗಿ ಸಡಿಲ ಮಾಡುವ ಮಾತಿಲ್ಲ. ಕೀಲಿನ ಪಿನ್ನನ್ನು ಸುತ್ತಿಗೆಯಿಂದ ಸಣ್ಣಗೆ ತಟ್ಟಿ ಹರಡಿಸುತ್ತಾರೆ. ಎರಡು ಪೆಟ್ಟು ಜಾಸ್ತಿಯಾದರೆ ಅಲಗು ಅಲುಗುವುದೇ ಇಲ್ಲ, ಕಮ್ಮಿಯಾದರೆ ಪಕ್ಕಕ್ಕೆ ಲಟಪಟ. ಬೋಲ್‌ಸ್ಟರಿನದೇ ಲೋಹದ ಪಿನ್ನು ಹಾಕಿ ಸಮ ತಿಕ್ಕಿದರೆ ಪಿನ್ನು ಎಲ್ಲಿದೆ ಅಂತ ಕಾಣಬಾರದು. ನಾನು ಬಿಸಿಲಿಗೆ ಹಿಡಿದು, ಲೆನ್ಸ್ ಇಟ್ಟು ನೋಡಿದೆ. ಒಂದು ಕಡೆ ಗುರುತೇ ಇಲ್ಲ. ಇನ್ನೊಂದು ಕಡೆ ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಒಂದು ಮಸುಕು ವೃತ್ತ. ಇಂಥ ಕೆಲಸ ನೋಡಿದರೆ ನನಗೆ ಕಣ್ಣು ತುಂಬಿ ಬರುತ್ತದೆ. ಮನೆಯವರು ನೋಡಿ ಏನಾಯ್ತು ಅಂತ ಗಾಬರಿಯಾದರು.

ಇನ್ನು ಸ್ಟೀಲಿನ ವಿಚಾರ. ಸ್ಟೀಲಿನ ಬಗ್ಗೆ ಮಾತಾಡುವ ಹಕ್ಕು ಯಾವ ಊರಿಗಾದರೂ ಇದ್ದರೆ ಅದು ಶೆಫೀಲ್ಡಿಗೆ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನ ಪಳಗಿಸಿಕೊಂಡದ್ದು ಅಲ್ಲಿ. 1913ರಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ಎರಕ ಹೊಯ್ಯಿಸಿದ್ದು ಅಲ್ಲಿ. ಅಂಥ ಊರಿನ ಚಾಕು ಕಸುಬಿನವರು ಒಂದು ಮಡಚುವ ಚಾಕು ಕೈಗೆ ಕೊಟ್ಟರೆ ಮೊದಲು ಮಾಡುವುದೇನು? ತೆರೆದು ಮುಚ್ಚುತ್ತಾರೆ, ಕಿವಿಗೊಡುತ್ತಾರೆ. 'ವಾಕ್ ಅಂಡ್ ಟಾಕ್' ಅನ್ನುತ್ತಾರೆ ಅವರು. ಅಲಗು ನಡುದಾರಿಯಲ್ಲಿ ಎಷ್ಟು ನಯವಾಗಿ ಸಾಗುತ್ತದೆ, ಕೊನೆಗೆ ಎಷ್ಟು ಖಚಿತವಾಗಿ ಸದ್ದು ಮಾಡಿ ಕೂರುತ್ತದೆ, ಎರಡೂ ಸೇರಿ ಒಂದು ಪರೀಕ್ಷೆ.

ಅಷ್ಟಕ್ಕೂ 'ಎಷ್ಟು ಎಚ್‌ಆರ್‌ಸಿ' ಅಂತ ಕೇಳುವವರು ಯಾವುದರದು ಅಂತ ಹೇಳುವುದೇ ಇಲ್ಲ. ಅಲಗಿನದೋ, ಸ್ಪ್ರಿಂಗಿನದೋ? ಓ-1 ಉಕ್ಕನ್ನು 800 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಆಮೇಲೆ 200 ಡಿಗ್ರಿ ಸುಮಾರಿನಲ್ಲಿ ಟೆಂಪರ್ ಮಾಡಿದರೆ, ಅಂದರೆ ಪೆಡಸುತನ ಹೋಗಲು ಮತ್ತೆ ಕಾಯಿಸಿದರೆ, 60ರ ಹತ್ತಿರ ಗಡಸುತನ ಸಿಗುತ್ತದೆ. ಅಲಗಿಗೆ ಅದು ಸರಿ. ಅದೇ 60 ಸ್ಪ್ರಿಂಗಿಗೂ ಕೊಟ್ಟರೆ ಅದು ಒಂದು ದಿನ ತುಂಡಾಗುತ್ತದೆ. ಸ್ಪ್ರಿಂಗನ್ನು ಇನ್ನೂ ಹೆಚ್ಚು ಶಾಖದಲ್ಲಿ ಟೆಂಪರ್ ಮಾಡಿ 50ರ ಕೆಳಗೆ ಇಳಿಸಬೇಕು. ಹೆಚ್ಚು ಮೆತ್ತಗಾದರೆ ಬಾಗಿದ್ದು ಬಾಗಿದಂತೆಯೇ ಉಳಿದು ಅಲಗು ಸಡಿಲವಾಗುತ್ತದೆ. ಸ್ಟೀಲಿನ ಹೆಸರು ಚಾಕುವಿನ ಮೇಲೆ ಬರೆದಿರಬಹುದು, ಈ ಹದವನ್ನು ಎಲ್ಲೂ ಬರೆದಿರುವುದಿಲ್ಲ. ಅದನ್ನು ತಿಳಿಯಲು ಇರುವ ದಾರಿ ಅಲಗನ್ನು ತೆರೆದು ಮುಚ್ಚುವುದೇ. ಮತ್ತೆ ಕೀಲಿಗೇ ಬಂದೆವು.

ತುಕ್ಕಿನ ಮಾತು: ಹೌದು, ಹಿಡಿಯುತ್ತದೆ. ಮಾವಿನಕಾಯಿ ಹೆಚ್ಚಿ ಒರೆಸದೆ ಇಟ್ಟರೆ ಸಂಜೆಗೆ ಕಲೆ ಕಾಣುತ್ತದೆ. ಒರೆಸಿ ಇಡಿ, ಒಂದು ಹನಿ ಎಣ್ಣೆ ಸವರಿ.

ಲಾಕ್ ಇಲ್ಲ ಅನ್ನುವುದು ದೋಷವೇ ಅಲ್ಲ, ಜಾತಿಯೇ ಬೇರೆ. ಬ್ರಿಟನ್ನಿನ 1988ರ ಕಾನೂನಿನ ಪ್ರಕಾರ ಕಾರಣ ಹೇಳದೆ ಜೇಬಿನಲ್ಲಿ ಇಟ್ಟುಕೊಂಡು ಓಡಾಡಬಹುದಾದದ್ದು ಮೂರು ಇಂಚು ಮೀರದ ಅಂಚಿನ ಮಡಚುವ ಚಾಕು ಮಾತ್ರ. ಲಾಕ್ ಬೀಳುವ ಚಾಕುವಿಗೆ ಅಲ್ಲಿಯ ಕೋರ್ಟುಗಳು ಆ ವಿನಾಯಿತಿ ಕೊಟ್ಟಿಲ್ಲ. ನಾನು ಹಣ್ಣು ಹೆಚ್ಚುತ್ತೇನೆ, ದಾರ ಕತ್ತರಿಸುತ್ತೇನೆ, ಪೆನ್ಸಿಲ್ ಚೂಪು ಮಾಡುತ್ತೇನೆ. ಇದಕ್ಕೆಲ್ಲ ಲಾಕ್ ಯಾಕೆ?

"ಸಿಎನ್‌ಸಿ ಮೆಷಿನ್ನು ಇದಕ್ಕಿಂತ ಚೆನ್ನಾಗಿ ಮಾಡುತ್ತಲ್ಲ ಸಾರ್" ಅಂತ ಒಬ್ಬಿಬ್ಬರು ಕಾಮೆಂಟ್ ಹಾಕುವುದು ಖಂಡಿತ. ಮೆಷಿನ್ನಿನ ಬಗ್ಗೆ ನನಗೆ ಪಾಠ ಬೇಡ, ಜೀವಮಾನವೆಲ್ಲ ಅದರ ಜೊತೆ ಕಳೆದಿದ್ದೇನೆ. ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಮೆಷಿನ್ನು ದಿನವಿಡೀ ಬೇಸರವಿಲ್ಲದೆ ಹಿಡಿಯುತ್ತದೆ, ಒಪ್ಪಿದೆ. ಮೆಷಿನ್ನಿನಲ್ಲಿ ಮಾಡಿದ ಒಳ್ಳೆಯ ಚಾಕುಗಳಿವೆ, ಅವುಗಳನ್ನೂ ಮೆಚ್ಚುತ್ತೇನೆ. ಆದರೆ ಈ ವಾದ ತರುವವರು ಆ ಚಾಕುಗಳನ್ನು ಕೊಂಡಾಗಲೂ ಕೀಲು ನೋಡುವುದಿಲ್ಲ! ಅಲ್ಲೂ ಸ್ಟೀಲಿನ ಹೆಸರು, ಅಲ್ಲೂ ಕಾಗದ. ನೋಡಲು ಕಲಿಯದವನಿಗೆ ಕೈ ಆದರೇನು, ಮೆಷಿನ್ ಆದರೇನು?

ಇದಕ್ಕಿಂತ ನನಗೆ ಹೆಚ್ಚು ನೋವಾಗುವುದು ಇನ್ನೊಂದು ಮಾತಿನಿಂದ. "ಕೈಯಲ್ಲಿ ಮಾಡಿದ್ದಲ್ವಾ, ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತೆ, ಅದೇ ಚೆಂದ." ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೆ ಕಸುಬುದಾರನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಶೆಫೀಲ್ಡಿನಲ್ಲಿ ಸ್ಟ್ಯಾನ್ ಶಾ ಅಂತ ಒಬ್ಬರಿದ್ದರು. 14ನೇ ವಯಸ್ಸಿಗೆ ಚಾಕು ಕಸುಬಿಗೆ ಸೇರಿ ಜೀವನಪೂರ್ತಿ ಅದನ್ನೇ ಮಾಡಿ 2021ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿ ಕೂತು ದುಡಿಯುವ ಇಂಥ ಕಸುಬುದಾರರನ್ನು ಅಲ್ಲಿ ಲಿಟಲ್ ಮೆಸ್ಟರ್ ಅನ್ನುತ್ತಿದ್ದರು, ಆ ಸಾಲಿನಲ್ಲಿ ಕೊನೆಯವರು ಅಂತ ಹೆಸರಾದವರು ಇವರು. ಅವರ ಬಹು ಅಲಗಿನ ಚಾಕುಗಳ ಫೋಟೋ ಹುಡುಕಿ ನೋಡಿ. ಒಂದೇ ಹಿಡಿಯೊಳಗೆ ಅಷ್ಟೊಂದು ಅಲಗುಗಳು ಒಂದಕ್ಕೊಂದು ತಾಗದೆ ಮಲಗಿರುತ್ತವೆ. ಅಲ್ಲಿ 'ಹೆಚ್ಚುಕಮ್ಮಿ' ಎಲ್ಲಿದೆ, ತೋರಿಸಿ. ಕೈಕೆಲಸ ಅನ್ನುವುದು ದೋಷಕ್ಕೆ ಕೊಡುವ ರಿಯಾಯಿತಿ ಅಲ್ಲ. ನಾನು ಈ ಚಾಕುವನ್ನು ಕೈಯಲ್ಲಿ ಮಾಡಿದ್ದು ಅಂತ ಬಿಟ್ಟುಕೊಟ್ಟು ನೋಡಲಿಲ್ಲ, ಟೂಲ್‌ರೂಮಿಗೆ ಬಂದ ಜಾಬ್ ನೋಡುವಂತೆಯೇ ನೋಡಿದೆ.

ಹಾಗೆ ನೋಡಿದ್ದರಿಂದ ಎರಡು ತಕರಾರು ಸಿಕ್ಕವು. ಹಿಡಿಯ ಬಾಲದ ಕಡೆ, ಅಂದರೆ ಕೀಲು ಇಲ್ಲದ ತುದಿಯಲ್ಲಿ, ಬಲಗಡೆ ಲೈನರಿಗೂ ಸ್ಪ್ರಿಂಗಿಗೂ ನಡುವೆ ಬೆಳಕಿಗೆ ಹಿಡಿದರೆ ಕೂದಲಿನಷ್ಟು ಗೆರೆ ಕಾಣುತ್ತದೆ. ಸಂದಿ ಅಳೆಯುವ ಫೀಲರ್ ಗೇಜಿನ 0.05 ಮಿಲಿಮೀಟರ್ ದಪ್ಪದ ಎಲೆ ಒಳಗೆ ಹೋಗುವುದಿಲ್ಲ, ಆದರೂ ಬೆಳಕು ಬರುತ್ತದೆ. ಎರಡನೆಯದು ಉಗುರು ಹಾಕಿ ಎಳೆಯುವ ಗೀರು ಹಿಡಿಗೆ ತೀರ ಹತ್ತಿರ ಆಯಿತು, ವಯಸ್ಸಾದ ಬೆರಳಿಗೆ ಕೊಂಬು ಅಡ್ಡ ಬರುತ್ತದೆ. ಸ್ಪ್ರಿಂಗಿನ ಬಿಗಿ ಮಾತ್ರ ನನಗೆ ಬೇಕಾದಷ್ಟೇ ಇದೆ. ಉಗುರು ಕಿತ್ತುಬರುವಷ್ಟು ಬಿಗಿ ಇದ್ದರೆ ಗಟ್ಟಿ ಚಾಕು ಅಂತ ಹೊಗಳುವವರಿದ್ದಾರೆ, ಅದೂ ತಪ್ಪು. ಇನ್ನೊಂದು ಮುಖ್ಯ ಪರೀಕ್ಷೆ: ಮುಚ್ಚಿದ ಅಲಗನ್ನು ಇನ್ನೂ ಒಳಗೆ ಒತ್ತಿದರೂ ಅದರ ಅಂಚು ಸ್ಪ್ರಿಂಗಿಗೆ ಬಡಿಯಬಾರದು. ಬಡಿದರೆ ಪ್ರತಿ ಸಲ ಮುಚ್ಚುವಾಗಲೂ ಹರಿತ ಸಾಯುತ್ತದೆ, ಅದು ಯಾವ ಹೆಸರಿನ ಸ್ಟೀಲಾದರೂ ಸರಿ. ಒತ್ತಿ ನೋಡಿದೆ, ಬಡಿಯಲಿಲ್ಲ.

ಕೊಂಬಿನ ಬಗ್ಗೆಯೂ ಒಂದು ಮಾತು, ಕೆಲವರು ಕೇಳಿದ್ದರಿಂದ. ಶೆಫೀಲ್ಡಿನ ಹಳೆಯ ಚಾಕುಗಳಲ್ಲಿ ಕಾಣುವ ಒರಟು ಜಿಂಕೆ ಕೊಂಬಿನ ಹಿಡಿಯ ಬಹುಪಾಲು ನಮ್ಮ ಕಡವೆಯದು, ಇಲ್ಲಿಂದಲೇ ಹೋಗುತ್ತಿತ್ತು. 1990ರ ದಶಕದ ಕೊನೆಗೆ ಭಾರತ ಆ ರಫ್ತು ನಿಲ್ಲಿಸಿತು. ಒಳ್ಳೆಯದೇ ಆಯಿತು. ಬಂಡೀಪುರ, ನಾಗರಹೊಳೆಯಲ್ಲಿ ಕಡವೆ ನೋಡಿದ ನಾನು ಅದರ ಕೊಂಬನ್ನು ಜೇಬಿನಲ್ಲಿ ಇಟ್ಟುಕೊಳ್ಳಲಾರೆ, ಕಾನೂನೂ ಬಿಡುವುದಿಲ್ಲ. ಎಮ್ಮೆ ಕೊಂಬು ಸಾಕು ಅಂತ ನಾನೇ ಹೇಳಿಸಿದ್ದೆ. ಒಣ ಹವೆಯಲ್ಲಿ ಅದು ತುಸು ಕುಗ್ಗುತ್ತದೆ, ಬೇಸಿಗೆಯಲ್ಲಿ ಬೋಲ್‌ಸ್ಟರ್ ಜೊತೆ ಸೇರುವ ಜಾಗ ಹೇಗಿರುತ್ತದೆ ಅಂತ ಗಮನಿಸಬೇಕು.

ಈಗ ಮಾರುವವರಿಗೆ ನನ್ನ ಬೇಡಿಕೆ. ಇನ್‌ಸ್ಟಾಗ್ರಾಮಿನಲ್ಲಿ ಕೈಯಲ್ಲಿ ಮಾಡಿದ ಮಡಚುವ ಚಾಕು ಮಾರುವ ನಮ್ಮವರೂ ಈಗ ಇದ್ದಾರೆ, ಸಂತೋಷ. ಆದರೆ ನೀವು ಹಾಕುವ ಫೋಟೋ ನೋಡಿದರೆ ಎಲ್ಲವೂ ಪಕ್ಕದಿಂದ, ಎಲ್ಲವೂ ಪೂರ್ತಿ ತೆರೆದದ್ದು, ಕೆಳಗೆ ಸ್ಟೀಲಿನ ಹೆಸರು ದೊಡ್ಡದಾಗಿ. ಬೆನ್ನಿನ ಫೋಟೋ ಹಾಕಿ. ಮುಚ್ಚಿದ್ದು, ಅರ್ಧ ತೆರೆದದ್ದು, ಪೂರ್ತಿ ತೆರೆದದ್ದು, ಮೂರೂ. ಹಿಂದಿನಿಂದ ಬೆಳಕು ಬಿಟ್ಟು ಒಂದು. ಹಾಡು ಹಾಕದೆ, ನಿಧಾನವಾಗಿ ತೆರೆದು ಮುಚ್ಚುವ ಸಣ್ಣ ವಿಡಿಯೋ ಒಂದು, ಸದ್ದು ಕೇಳಿಸಬೇಕು. ಕೊಳ್ಳುವವರೇ, ಇವಿಷ್ಟು ಕೊಡದವರ ಹತ್ತಿರ ಅಡ್ವಾನ್ಸ್ ಕಟ್ಟಬೇಡಿ. ಬೆಂಗಳೂರಿನಲ್ಲೇ ಇದ್ದು ಕೈಯಲ್ಲಿ ಮಾಡಿದ ಚಾಕು ಇಟ್ಟುಕೊಂಡಿರುವವರು ಮೆಸೇಜ್ ಮಾಡಿ, ಭಾನುವಾರ ಮನೆಗೆ ತನ್ನಿ, ಕೂತು ನೋಡೋಣ. ಫೀಲರ್ ಗೇಜ್ ನನ್ನ ಹತ್ತಿರ ಇದೆ. ಕಾಗದ ತರಬೇಡಿ.