ಸರಕು: ಈರುಳ್ಳಿ

ನನ್ನ ರೇಸ್ ಕಾರಿನ ತೂಕಕ್ಕೆ ಸಂಬಂಧಿಸಿದ ಏಕೈಕ ಲಿಖಿತ ದಾಖಲೆಯಲ್ಲಿ ಅದರೊಳಗಿದ್ದ ಸರಕು ಈರುಳ್ಳಿ ಎಂದು ನಮೂದಾಗಿದೆ. ಯಶವಂತಪುರದ ಎಪಿಎಂಸಿ ಮಾರುಕಟ್ಟೆಯ ಆಸುಪಾಸಿನ ಒಂದು ವೇಬ್ರಿಡ್ಜಿನ ಮೇಲೆ, ಮುಂದೊಂದು ಹಿಂದೊಂದು ಲಾರಿಯ ನಡುವೆ ಕಾರು ನಿಲ್ಲಿಸಿ ಕಿಟಕಿಯ ಬಳಿಗೆ ಹೋದಾಗ, ಒಳಗಿದ್ದ ಹುಡುಗ ತಲೆಯೆತ್ತದೆ "ಲೋಡಾ, ಖಾಲಿಯಾ?" ಎಂದು ಕೇಳಿದ. ಖಾಲಿ ಎಂದೆ. ಸರಕೇನು ಎಂದ. ಖಾಲಿ ಎಂದೆನಲ್ಲ ಎಂದೆ. "ಮೆಟೀರಿಯಲ್ ಹಾಕದಿದ್ದರೆ ಕಂಪ್ಯೂಟರ್ ಮುಂದಕ್ಕೆ ಹೋಗೋದಿಲ್ಲ ಸಾರ್" ಎಂದವನೇ, ನನ್ನ ಹಿಂದಿದ್ದ ಲಾರಿಯತ್ತ ಒಮ್ಮೆ ಕಣ್ಣು ಹಾಯಿಸಿ, ಅದರ ಸರಕನ್ನೇ ನನಗೂ ದಯಪಾಲಿಸಿದ. ನಾನೂ ಸೇರಿ 960 ಕಿಲೋ.

ರೇಸ್ ಕಾರು ಎಂದೊಡನೆ ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ ಕೆಂಪು ವಾಹನವೊಂದನ್ನು ಓದುಗರು ಕಲ್ಪಿಸಿಕೊಂಡಿದ್ದರೆ ಕ್ಷಮೆ ಇರಲಿ. ನನ್ನದು 2003ರ ಮಾರುತಿ ಎಸ್ಟೀಮ್. ನಾಲ್ಕು ಬಾಗಿಲು, ಬೂದುಬಣ್ಣ. ಹಿಂದಿನ ಮಾಲೀಕರು ಅದರಲ್ಲಿ ಧರ್ಮಸ್ಥಳ ಮತ್ತು ಮಂತ್ರಾಲಯಗಳಿಗಿಂತ ಹೆಚ್ಚು ರೋಮಾಂಚಕವಾದ ಪ್ರಯಾಣವನ್ನು ಮಾಡಿದವರಲ್ಲ. ಆದರೆ 1,298 ಸಿಸಿಯ ಅದರ ಎಂಜಿನ್ 85 ಅಶ್ವಶಕ್ತಿ ಕೊಡುತ್ತದೆ, ಮೈ ಹಗುರ, ಬಿಡಿಭಾಗಗಳು ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಇಂದಿಗೂ ಸಿಗುತ್ತವೆ. ಈ ಕಾರಣಗಳಿಂದಲೇ ನಮ್ಮ ದೇಶದ ಸಲೂನ್ ಕಾರು ರೇಸುಗಳಲ್ಲಿ, ಅಂದರೆ ಮಾಮೂಲಿ ಮನೆ ಕಾರುಗಳನ್ನೇ ಮಾರ್ಪಡಿಸಿ ಓಡಿಸುವ ಸ್ಪರ್ಧೆಗಳಲ್ಲಿ, ಎಸ್ಟೀಮ್ ವರ್ಷಗಟ್ಟಲೆ ಓಡಿದೆ. ಚೆನ್ನೈ ಸಮೀಪದ ಶ್ರೀಪೆರಂಬುದೂರಿನ ಟ್ರ್ಯಾಕಿಗೆ ಗೆಳೆಯರೊಂದಿಗೆ ನೋಡಲು ಹೋದವನು, ಇಂಥದೇ ಕಾರೊಂದು ತಿರುವಿನಲ್ಲಿ ಹಿಂದಿನ ಒಂದು ಚಕ್ರವನ್ನು ನಾಯಿ ಕಾಲೆತ್ತಿದ ಹಾಗೆ ಎತ್ತಿಕೊಂಡು ಹೋದದ್ದನ್ನು ಕಂಡು ಮರುಳಾದೆ. ಮನೆಗೆ ಬಂದು ವಿಷಯ ತಿಳಿಸಿದಾಗ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ರೀ, ನಾವು ಇರೋದು ರಾಜಾಜಿನಗರದ 30×40 ಸೈಟಿನಲ್ಲಿ ಅಂತ ನೆನಪಿದೆ ತಾನೆ?"

ರೇಸಿಗೆ ಕಾರನ್ನು ಅಣಿಗೊಳಿಸುವುದೆಂದರೆ ಮೊದಲು ಅದರಲ್ಲಿರುವ ಸುಖವನ್ನೆಲ್ಲ ಕಿತ್ತೊಗೆಯುವುದು. ಹಿಂದಿನ ಸೀಟು, ಕಾರ್ಪೆಟ್ಟು, ಎಸಿ, ಸ್ಪೀಕರುಗಳು ಒಂದು ಭಾನುವಾರದಲ್ಲಿ ಹೊರಬಂದವು. ಸೀಟನ್ನು ಮಾವನವರು ವರಾಂಡಕ್ಕೆ ಸಾಗಿಸಿ, ಗೋಡೆಗೆ ಒರಗಿಸಿ, ಅಂದಿನಿಂದ ಪತ್ರಿಕೆಯನ್ನು ಅದರ ಮೇಲೆಯೇ ಓದುತ್ತಿದ್ದಾರೆ. ಕಷ್ಟ ಕೊಟ್ಟದ್ದು ಸದ್ದು ತಡೆಯಲೆಂದು ತಳದ ತಗಡಿಗೆ ಅಂಟಿಸಿರುವ ಡಾಂಬರಿನ ಹಾಳೆ. ಅದನ್ನು ಕೆರೆದರೆ ಬರುವುದಿಲ್ಲ, ಕಾಯಿಸಿದರೆ ಅಂಟಂಟಾಗಿ ಕೈಗೇ ಬರುತ್ತದೆ. ಬಲ್ಲವರು ಅದರ ಮೇಲೆ ಡ್ರೈ ಐಸ್ ಹರಡುತ್ತಾರೆ. ಮೈನಸ್ 78 ಡಿಗ್ರಿಯ ಆ ಚಳಿಗೆ ಡಾಂಬರು ಸೆಟೆದುಕೊಂಡು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಕಡಲೆ ಚಿಕ್ಕಿಯ ಹಾಗೆ ಚಟಚಟನೆ ಒಡೆದು ಬರುತ್ತದೆ. ಬೆಂಗಳೂರಿನಲ್ಲಿ ಡ್ರೈ ಐಸಿಗೆ ಬರವಿಲ್ಲ, ಏಕೆಂದರೆ ಮದುವೆ ಮಂಟಪದಲ್ಲಿ ವಧೂವರರು ಮೋಡದ ನಡುವಿನಿಂದ ನಡೆದು ಬರುವ ಪದ್ಧತಿಯನ್ನು ನಾವು ಕೆಲವು ವರ್ಷಗಳಿಂದ ಶಾಸ್ತ್ರೋಕ್ತವೆಂದೇ ನಂಬಿದ್ದೇವೆ. "ಹುಡುಗಿ ಎಂಟ್ರಿಗಾ, ಇಬ್ಬರ ಎಂಟ್ರಿಗಾ? ಎಷ್ಟು ನಿಮಿಷ ಹೊಗೆ ಬೇಕು?" ಎಂದು ಕೇಳಿದ ಮಾರಾಟಗಾರನಿಗೆ, ಡಾಂಬರು ಕೀಳುವುದಕ್ಕೆ ಎಂದು ಹೇಳುವ ಧೈರ್ಯವಾಗದೆ, ಇಬ್ಬರದೂ ಎಂದು ಹೇಳಿ 10 ಕಿಲೋ ತಂದೆ.

ಬಾಗಿಲುಗಳನ್ನೆಲ್ಲ ತೆರೆದಿಡಬೇಕೆಂದು ನನಗೆ ಗೊತ್ತಿತ್ತು, ಆ ಅನಿಲ ಮುಚ್ಚಿದ ಜಾಗದಲ್ಲಿ ಉಸಿರುಕಟ್ಟಿಸುತ್ತದೆ. ತಳವನ್ನು ಆಗ ತಾನೇ ತೊಳೆದಿದ್ದರಿಂದ ಮೂಲೆಗಳಲ್ಲಿ ನೀರು ನಿಂತಿದೆ ಎಂಬುದು ಮಾತ್ರ ಮರೆತಿತ್ತು. ಐಸ್ ನೀರಿಗೆ ತಾಗಿದ್ದೇ ತಡ, ನಾಲ್ಕೂ ಬಾಗಿಲುಗಳಿಂದ ಬೆಳ್ಳನೆಯ ಮಂಜು ಇಳಿದು ರಸ್ತೆಯ ಮೇಲೆ ಹರಿಯತೊಡಗಿತು. ಎದುರು ಮನೆಯ ಹಿರಿಯರು ಕಾರಿಗೆ ಬೆಂಕಿ ಬಿತ್ತೆಂದು ಕೂಗಿ, ಎಪ್ಪತ್ತರ ವಯಸ್ಸಿಗೆ ಮೀರಿದ ಚುರುಕಿನಿಂದ ಒಂದು ಬಕೆಟ್ ನೀರನ್ನು ತಂದು ಒಳಕ್ಕೆ ಎರಚಿದರು. ಹೊಗೆ ಹತ್ತು ಪಟ್ಟಾಯಿತು. ಹೊಗೆ ಹೆಚ್ಚಿತೆಂದು ಅವರು ಮತ್ತೊಂದು ಬಕೆಟ್ ತಂದರು. ನೀರು ಹಾಕಬೇಡಿ ಎಂದು ನಾನು ಮಂಜಿನೊಳಗಿನಿಂದ ಅರಚುತ್ತಿದ್ದದ್ದು ಸಂಕಟದ ಕೂಗೆಂದು ಭಾವಿಸಿ ಇನ್ನಿಬ್ಬರು ಕೈಜೋಡಿಸಿದರು. ಐದೇ ನಿಮಿಷದಲ್ಲಿ ಬೀದಿಯ ಮಕ್ಕಳೆಲ್ಲ ಮೊಣಕಾಲುದ್ದದ ಮೋಡದಲ್ಲಿ ಕುಣಿಯುತ್ತಿದ್ದರು. ಡಾಂಬರು ಅರ್ಧ ಮಾತ್ರ ಬಂತು. ಉಳಿದರ್ಧವನ್ನು ಮೂರು ವಾರ ಉಳಿಯಿಂದ ಎಬ್ಬಿಸಿದೆ.

ಮತ್ತೆ ತೂಕಕ್ಕೆ ಹೋದಾಗ 890 ಕಿಲೋ. ಹುಡುಗ ಗಾಡಿಯ ನಂಬರು ಒತ್ತಿದೊಡನೆ ಹಳೆಯ ತೂಕ ತಾನಾಗಿ ಬಂದು, ಕಂಪ್ಯೂಟರು ವ್ಯವಕಲನ ಮಾಡಿ ಚೀಟಿ ಹೊರಹಾಕಿತು. ಒಟ್ಟು ತೂಕ 960, ಖಾಲಿ ಗಾಡಿ 890, ನಿವ್ವಳ 70, ಸರಕು: ಈರುಳ್ಳಿ. "70 ಕಿಲೋ ಇಳಿಸೋಕೆ ಒಂದೂವರೆ ತಿಂಗಳು ತಗೊಂಡ್ರಾ ಸಾರ್?" ಎಂದು ಅವನು ಕೇಳಿದ್ದರಲ್ಲಿ ವ್ಯಂಗ್ಯವೇನೂ ಇರಲಿಲ್ಲ.

ಮುಂದಿನದು ರೋಲ್ ಕೇಜ್, ಅಂದರೆ ಕಾರು ಮಗುಚಿದಾಗ ಚಾಲಕ ಅಪ್ಪಚ್ಚಿಯಾಗದಂತೆ ಒಳಗೆ ಕೂರಿಸುವ ಉಕ್ಕಿನ ಕೊಳವೆಗಳ ಪಂಜರ. ಇದರ ನಿಯಮಗಳು ಖಚಿತ: ಚಾಲಕನ ಬೆನ್ನ ಹಿಂದೆ ನಿಲ್ಲುವ ಮುಖ್ಯ ಕಮಾನಿಗೆ 45 ಮಿಲಿಮೀಟರ್ ವ್ಯಾಸದ, 2.5 ಮಿಲಿಮೀಟರ್ ದಪ್ಪದ, ಇಲ್ಲವೇ 50 ಮಿಲಿಮೀಟರ್ ವ್ಯಾಸದ, 2 ಮಿಲಿಮೀಟರ್ ದಪ್ಪದ, ಹೊಲಿಗೆಯಿಲ್ಲದ ಕೊಳವೆಯೇ ಆಗಬೇಕು. ನಾನು ಉಳಿತಾಯದ ಆಸೆಗೆ ಪೀಣ್ಯದಲ್ಲಿ ಮನೆಗಳಿಗೆ ಗ್ರಿಲ್ಲು, ಗೇಟು ಮಾಡುವವರೊಬ್ಬರ ಬಳಿಗೆ ಹೋದೆ. ಅವರು ಕಾರಿನೊಳಗೆ ತಲೆ ಹಾಕಿ, ಟೇಪು ಹಿಡಿದು ಅಳೆದು, "ಡಿಸೈನ್ ಯಾವುದು ಹಾಕ್ಲಿ ಸಾರ್? ಸೂರ್ಯ ಇದೆ, ನವಿಲಿದೆ, ಸಿಂಪಲ್ಲಾಗಿ ಬೇಕಂದ್ರೆ ಡೈಮಂಡ್ ಇದೆ" ಎಂದರು. ಏನೂ ಬೇಡ, ಬರಿ ಪೈಪು ಸಾಕು ಎಂದಾಗ ಅವರ ಮುಖದಲ್ಲಿ ಮೂಡಿದ ಮರುಕವನ್ನು ನಾನಿನ್ನೂ ಮರೆತಿಲ್ಲ. ಎರಡು ವಾರದ ನಂತರ ಸಿದ್ಧವಾದ ಪಂಜರ ನೋಡಲು ಚೆಂದವಾಗಿತ್ತು, ಆದರೆ ಕೊಳವೆಯ ಉದ್ದಕ್ಕೂ ಬೆಸುಗೆಯ ಗೆರೆ ಎದ್ದು ಕಾಣುತ್ತಿತ್ತು. ಅದು ನೀರಿನ ಪೈಪು. ಈಗ ಅದರ ಒಂದು ಭಾಗ ನಮ್ಮ ತಾರಸಿಯಲ್ಲಿ ಬಟ್ಟೆ ಒಣಗಿಸುವ ಕಂಬಿಯಾಗಿಯೂ ಇನ್ನೊಂದು ಭಾಗ ತೊಂಡೆಬಳ್ಳಿಯ ಚಪ್ಪರವಾಗಿಯೂ ಸೇವೆ ಸಲ್ಲಿಸುತ್ತಿವೆ. ಸರಿಯಾದ ಪಂಜರವನ್ನು ಸರಿಯಾದವರ ಬಳಿ, ಮೊದಲಿನದರ ಮೂರು ಪಟ್ಟು ಹಣ ಕೊಟ್ಟು ಮಾಡಿಸಿದೆ. ಅದರ ತೂಕ 40 ಕಿಲೋ. 70 ಇಳಿಸಿ 40 ಹೇರಿದ ಲೆಕ್ಕವನ್ನು ಹೆಂಡತಿ ಮನಸ್ಸಿನಲ್ಲೇ ಮಾಡಿ, "ಉಳಿದದ್ದು ಮೂವತ್ತು ಕಿಲೋ ಈರುಳ್ಳಿ" ಎಂದಳು.

ಪಂಜರ ಕೂತ ಮೇಲೆ ಕಾರನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ. ತಯಾರಕರು ಕೊಟ್ಟ ರೂಪವನ್ನು ಹೀಗೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. ಹೀಗಾಗಿ ಎಲ್ಲಿಗೇ ಹೋಗಲಿ, ಕೆಟ್ಟ ಗಾಡಿಗಳನ್ನು ಹೊತ್ತೊಯ್ಯುವ ಚಪ್ಪಟೆ ಟ್ರಕ್ಕಿನ ಮೇಲೆಯೇ ಸವಾರಿ. ಅದು ಬಂದಾಗಲೆಲ್ಲ ಅಕ್ಕಪಕ್ಕದವರು ಗೇಟಿನವರೆಗೆ ಬಂದು, "ಪುನಃ ಕೆಟ್ಟಿತೇ?" ಎಂದು ಸಂತಾಪ ಸೂಚಿಸುತ್ತಿದ್ದರು. ಚಕ್ರಗಳ ಅಲೈನ್‌ಮೆಂಟಿಗೂ ಹೀಗೆಯೇ ಹೋದೆವು. ತಿರುವಿನಲ್ಲಿ ಟಯರು ನೆಲವನ್ನು ಪೂರ್ತಿ ಕಚ್ಚಲೆಂದು ಮುಂದಿನ ಚಕ್ರಗಳ ನೆತ್ತಿಯನ್ನು ಎರಡು ಡಿಗ್ರಿ ಒಳಕ್ಕೆ ಓರೆ ಮಾಡಿಸಿದ್ದೆವು. ಅದಕ್ಕಾಗಿ ಚಕ್ರವನ್ನು ಹಿಡಿದಿರುವ ಸ್ಟ್ರಟ್ಟಿನ ಬೋಲ್ಟು ತೂತುಗಳನ್ನು ನಮ್ಮ ಮೆಕ್ಯಾನಿಕ್ ಭಾಯ್ ಅರದಿಂದ ಅರೆದೂ ಅರೆದೂ ಅಂಗೈ ಬೊಬ್ಬೆ ಎಬ್ಬಿಸಿಕೊಂಡಿದ್ದರು. ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಅಂಗಡಿಯ ಹುಡುಗ, ಪರದೆಯ ಮೇಲಿನ ಕೆಂಪು ಅಂಕಿಗಳನ್ನೆಲ್ಲ ಹಸಿರಾಗಿಸಿ, ಚಕ್ರಗಳನ್ನು ಲಂಬವಾಗಿ ನಿಲ್ಲಿಸಿ, "ತುಂಬಾ ಓರೆ ಇತ್ತು ಸಾರ್, ಯಾರೋ ಹಾಳು ಮಾಡಿದ್ರು" ಎಂದು ಹೆಮ್ಮೆಯಿಂದ ಚೀಟಿ ಕೊಟ್ಟ. ಭಾಯ್ ಮಾತಾಡಲಿಲ್ಲ. ತಮ್ಮ ಅಂಗೈಯನ್ನೊಮ್ಮೆ ನೋಡಿಕೊಂಡರು, ಅಷ್ಟೆ.

ಮಾವನವರು ಈ ಸಾಹಸದೊಳಗೆ ಬಂದದ್ದು ಬ್ರೇಕಿನ ಕೆಲಸದ ದಿನ. ಅವರು ಎಚ್‌ಎಎಲ್‌ನ ತಪಾಸಣಾ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಹಾರುವ ವಸ್ತುವಿಗೂ ಹಾರದ ವಸ್ತುವಿಗೂ ಅವರ ದೃಷ್ಟಿಯಲ್ಲಿ ಭೇದವಿಲ್ಲ. ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದು, ಸ್ಕೇಲಿನಿಂದ ಗೆರೆ ಎಳೆದು, "ಸರಿ ಇದೆ", "ಸರಿ ಇಲ್ಲ", "ಪರಿಶೀಲನೆ ಬಾಕಿ" ಎಂಬ ಮೂರು ಕಾಲಮ್ಮುಗಳನ್ನು ಹಾಕಿದರು. ಬ್ರೇಕ್ ಆಯಿಲಿನ ಸ್ವಭಾವ ವಿಚಿತ್ರವಾದದ್ದು, ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತ ಹೋಗುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ರೇಸಿನಲ್ಲಿ ಬ್ರೇಕು ಕಾದು ಆಯಿಲು ಕುದ್ದರೆ ಗುಳ್ಳೆಗಳೆದ್ದು, ಪೆಡಲು ಹೂಕೋಸಿನ ಮೂಟೆಯನ್ನು ತುಳಿದಂತೆ ಕೆಳಗಿಳಿಯುತ್ತದೆ. ಆದ್ದರಿಂದ ಹಳೆಯದನ್ನೆಲ್ಲ ತೆಗೆದು ಗಾಳಿಯ ಗುಳ್ಳೆ ಒಂದೂ ಉಳಿಯದ ಹಾಗೆ ಹೊಸದು ತುಂಬಬೇಕು. ಇದಕ್ಕೆ ಇಬ್ಬರು ಬೇಕು: ಒಬ್ಬರು ಪೆಡಲು ತುಳಿದು ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ಆಯಿಲು ಹೊರಬಿಡುವ ನಿಪ್ಪಲ್ ಸಡಿಲಿಸಿ, ಮತ್ತೆ ಬಿಗಿ ಮಾಡಿದ ಮೇಲೆಯೇ ಬಿಡಲು ಹೇಳಬೇಕು.

ಪೆಡಲಿಗೆ ಹೆಂಡತಿ ಕೂತಳು, ಕಿವಿಯಲ್ಲಿ ಆಫೀಸಿನ ಕಾಲ್ ನಡೆಯುತ್ತಿತ್ತು. ಅವಳು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದವಳು. ನಾನು ಹಿಂದಿನ ಚಕ್ರದ ಸಂದಿಯಲ್ಲಿ ಮಲಗಿ, ಪಾರದರ್ಶಕ ಟ್ಯೂಬನ್ನು ಹಳೆಯ ಹಾರ್ಲಿಕ್ಸ್ ಬಾಟಲಿಗೆ ಇಳಿಬಿಟ್ಟು, "ಹೋಲ್ಡ್" ಎಂದು ಕೂಗಿದೆ. "ಹೋಲ್ಡ್ ಮಾಡಿದ್ದೀನಿ" ಎಂದು ಅವಳೂ ಕೂಗಿದಳು. ಟ್ಯೂಬಿನೊಳಗೆ ಟೀ ಬಣ್ಣದ ಆಯಿಲಿನ ಜೊತೆ ಸಾಸಿವೆಯಷ್ಟು ದೊಡ್ಡ ಗುಳ್ಳೆಗಳು ಒಂದರ ಹಿಂದೊಂದು ಹೊರಟಿದ್ದವು. ಅಷ್ಟರಲ್ಲಿ ಅವಳು "ಓಕೆ, ರಿಲೀಸ್ ಮಾಡ್ತೀನಿ" ಎಂದು ಯಾರಿಗೋ ಹೇಳಿ ಕಾಲೆತ್ತಿದಳು. ಹೋದ ಗುಳ್ಳೆಗಳೆಲ್ಲ ಸಾಲಾಗಿ ಹಿಂದಿರುಗಿ ಒಳಹೊಕ್ಕವು. ಆಮೇಲೆ ತಿಳಿದದ್ದು: ಅವಳ ಮೈಕು ಆನ್ ಇತ್ತು, "ಹೋಲ್ಡ್ ಮಾಡಿದ್ದೀನಿ" ಎಂದದ್ದನ್ನು ಕೇಳಿ ಅವಳ ಮ್ಯಾನೇಜರು ಅಂದು ಬಿಡುಗಡೆಯಾಗಬೇಕಿದ್ದ ಆವೃತ್ತಿಯನ್ನು ತಡೆಹಿಡಿದು, ಕಾರಣ ಕೇಳಿದ್ದರು. ಅವಳು ಬಿಡುಗಡೆ ಮಾಡುತ್ತೇನೆಂದದ್ದು ಅದನ್ನು. ಬಿಡುಗಡೆಯಾದದ್ದು ನನ್ನ ಬ್ರೇಕು. ಮಾವನವರು "ಸರಿ ಇಲ್ಲ" ಕಾಲಮ್ಮಿನಲ್ಲಿ ಒಂದು ಗುರುತು ಹಾಕಿ, ಯಾರ ಎದುರು ಎಂಬುದನ್ನು ಕೈಯಿಂದ ಮರೆಮಾಡಿಕೊಂಡರು.

ಇಷ್ಟೆಲ್ಲ ಆಗುವ ಹೊತ್ತಿಗೆ ಆಯುಧಪೂಜೆ ಬಂತು. ರೇಸ್ ಕಾರಿಗೆ ಹೊರಗಿನಿಂದಲೇ ವಿದ್ಯುತ್ತು ಕಡಿದು ಎಂಜಿನ್ ನಿಲ್ಲಿಸುವ ಸ್ವಿಚ್ಚೊಂದು ಇರಬೇಕು. ಅಪಘಾತವಾದಾಗ ಓಡಿ ಬಂದವರು ಮುಂಗಾಜಿನ ಬುಡದಲ್ಲಿರುವ ಬಳೆಯನ್ನು ಎಳೆದರೆ ಸಾಕು. ಅದು ಎಲ್ಲಿದೆ ಎಂದು ತಿಳಿಯಲು ಪಕ್ಕದಲ್ಲಿ ನೀಲಿ ತ್ರಿಕೋನ, ಅದರ ನಡುವೆ ಕೆಂಪು ಮಿಂಚಿನ ಗುರುತು. ಅಮ್ಮ ಆ ತ್ರಿಕೋನವನ್ನು ಬಹಳ ಹೊತ್ತು ನೋಡಿ, ಯಾವುದೋ ಯಂತ್ರವೇ ಇರಬೇಕೆಂದು ತೀರ್ಮಾನಿಸಿ, ಅದಕ್ಕೆ ವಿಶೇಷವಾಗಿ ಅರಿಶಿನ ಕುಂಕುಮ ಹಚ್ಚಿದರು. ಬಾಳೆಕಂದು ಕಟ್ಟಿದ್ದಾಯಿತು, ಬೂದುಗುಂಬಳ ಒಡೆದದ್ದಾಯಿತು, ಚಕ್ರದಡಿ ನಾಲ್ಕು ನಿಂಬೆಹಣ್ಣುಗಳೂ ಕೂತವು. ನಾನು ಹೆಲ್ಮೆಟ್ ಧರಿಸಿ (ಫೋಟೊಗಾಗಿ) ಗುಂಡಿ ಒತ್ತಿದೆ. ಕಾರು ಕೆಮ್ಮಲೂ ಇಲ್ಲ.

ಭಾಯ್ ತಮ್ಮ ಗ್ಯಾರೇಜಿನ ಪೂಜೆಯನ್ನು ಬಿಟ್ಟು ಓಡಿ ಬಂದರು. ಬ್ಯಾಟರಿ ನೋಡಿದರು, ಸರಿ ಇದೆ. ರಿಲೇ ಬದಲಿಸಿದರು, ಫ್ಯೂಸುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು, ಪೆಟ್ರೋಲ್ ಪಂಪಿನ ತಂತಿ ಬಿಚ್ಚಿದರು. ಎರಡು ಗಂಟೆ ಕಳೆಯಿತು. ಮುಹೂರ್ತ ಮೀರುತ್ತಿದೆಯೆಂದು ಪುರೋಹಿತರು ಅವಸರ ಮಾಡಿದ್ದರಿಂದ ಆರು ಜನ ಸೇರಿ ನೂಕಿ ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿದೆವು. ಕೊನೆಗೆ ಭಾಯ್ ದಣಿದು, ಬಾನೆಟ್ಟಿಗೆ ಒರಗಿ, ಪುರಿ ಕಡಲೆಯ ಪೊಟ್ಟಣ ಬಿಚ್ಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದವರು ಹಠಾತ್ತನೆ ಅಗಿಯುವುದನ್ನು ನಿಲ್ಲಿಸಿದರು. ಸೇವಂತಿಗೆ ಹಾರದ ದಾರವನ್ನು ಕಣ್ಣಿನಲ್ಲೇ ಹಿಂಬಾಲಿಸುತ್ತ ಹೋಗಿ, ಅತ್ಯಂತ ಮೃದುವಾದ ಧ್ವನಿಯಲ್ಲಿ ಕೇಳಿದರು: "ಅಮ್ಮಾ, ಈ ಹಾರ ಯಾರು ಕಟ್ಟಿದ್ದು?"

"ನಾನೇ ಕಣಪ್ಪ" ಎಂದರು ಅಮ್ಮ. "ಹಾರ ಕಟ್ಟೋಕೆ ಅಂತ ಎಷ್ಟು ಚೆನ್ನಾಗಿ ಬಳೆ ಇಟ್ಟಿದ್ದೀರಿ. ಸ್ವಲ್ಪ ಸಡಿಲ ಇತ್ತು, ಎಳೆದು ಬಿಗಿ ಮಾಡಿದೆ."

ರೇಸು ಇದ್ದದ್ದು ಕೊಯಮತ್ತೂರಿನಲ್ಲಿ, ಅಲ್ಲಿನ ಕಥೆ ಚಿಕ್ಕದು. ಚೆಟ್ಟಿಪಾಳಯಂನ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿಲೋಮೀಟರಿನ ಟ್ರ್ಯಾಕು. ಎಫ್‌ಎಂಎಸ್‌ಸಿಐ ಎಂಬ ದೇಶದ ಮೋಟಾರು ಕ್ರೀಡಾ ಒಕ್ಕೂಟದ ಪರವಾನಗಿ, ವೈದ್ಯರ ಪ್ರಮಾಣಪತ್ರಗಳ ಜೊತೆ ಕಾರನ್ನು ಟ್ರಕ್ಕಿನ ಮೇಲೆ ಹೊಸೂರು, ಸೇಲಂ ದಾಟಿಸಿ ರಾತ್ರಿಯಿಡೀ ಸಾಗಿಸಿದೆವು. ಬೆಳಿಗ್ಗೆ ತಪಾಸಣೆಯ ಅಧಿಕಾರಿ ಕಾರಿನಡಿ ಟಾರ್ಚು ಬಿಟ್ಟು, ಎಂಜಿನ್ ಆಯಿಲಿನ ಡ್ರೈನ್ ಬೋಲ್ಟಿಗೆ ಹಾಕಿದ್ದ ತಂತಿಯ ಕಟ್ಟನ್ನು ಕಂಡು, ಇದನ್ನು ಮಾಡಿದವರು ಯಾರು ಎಂದು ಕೇಳಿದರು. ಬೋಲ್ಟು ಸಡಿಲವಾಗಲು ಹೊರಟರೆ ಇನ್ನಷ್ಟು ಬಿಗಿಯುವ ಹಾಗೆ ತಂತಿಯನ್ನು ಹೊಸೆದು ಕಟ್ಟುವುದು ವಿಮಾನದವರ ವಿದ್ಯೆ. ಮಾವನವರು ಒಂದು ಹೆಜ್ಜೆ ಮುಂದೆ ಬಂದು ನಿಂತರೇ ಹೊರತು ಮಾತಾಡಲಿಲ್ಲ. ಆಮೇಲೆ ಅಧಿಕಾರಿ ಎಂಜಿನ್ ಚಾಲೂ ಮಾಡಿಸಿ, ಕುಂಕುಮ ಅಂಟಿದ ತ್ರಿಕೋನವನ್ನು ನೋಡಿ ಕ್ಷಣ ತಡೆದು, ಹೊರಗಿನ ಬಳೆಯನ್ನು ಎಳೆದರು. ಎಂಜಿನ್ ತಟ್ಟನೆ ನಿಂತಿತು. ಕೆಲಸ ಮಾಡುತ್ತಿದೆ ಎಂದು ಬರೆದುಕೊಂಡರು. ಈ ಒಂದು ವಿಷಯದಲ್ಲಿ ನಮಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಎಂಟು ಸುತ್ತು, ಹನ್ನೆರಡು ನಿಮಿಷಗಳ ರೇಸು. ಮೂರನೆಯ ಸುತ್ತಿನಲ್ಲಿ ನಾನು ಬ್ರೇಕನ್ನು ಅಗತ್ಯಕ್ಕಿಂತ ಸ್ವಲ್ಪ ತಡವಾಗಿ ಒತ್ತಿ, ಒಂದು ಪೂರ್ತಿ ಪ್ರದಕ್ಷಿಣೆ ಹಾಕಿ ಮಣ್ಣಿಗಿಳಿದು, ಧೂಳು ಅಡಗಿದ ಮೇಲೆ ಯಾವ ದಿಕ್ಕಿಗೆ ಹೋಗಬೇಕೆಂದು ನೆನಪಿಸಿಕೊಂಡು, ಕೊನೆಯವನಾಗಿ ಮುಗಿಸಿದೆ. ಕಾರು ಮಾತ್ರ ಒಂದು ಕ್ಷಣವೂ ಮುನಿಸಿಕೊಳ್ಳಲಿಲ್ಲ. ಬ್ರೇಕು ಕುದಿಯಲಿಲ್ಲ, ಆಯಿಲು ತೊಟ್ಟಿಕ್ಕಲಿಲ್ಲ. ಹೆಲ್ಮೆಟ್ ತೆಗೆದು ನೀರು ಕುಡಿಯುತ್ತಿದ್ದಾಗ, ಪಕ್ಕದ ಟಯರಿನ ಮೇಲೆ ಮಾವನವರು ಬಿಟ್ಟುಹೋಗಿದ್ದ ಲೆಕ್ಕದ ಪುಸ್ತಕ ತೆರೆದೇ ಇತ್ತು. ಎಂಜಿನ್, ಬ್ರೇಕು, ಸ್ಟಿಯರಿಂಗು, ಚಕ್ರ, ಸ್ವಿಚ್ಚು, ಎಲ್ಲದರ ಎದುರೂ "ಸರಿ ಇದೆ" ಎಂಬ ಕಾಲಮ್ಮಿನಲ್ಲಿ ದುಂಡನೆಯ ಗುರುತುಗಳಿದ್ದವು. ಕೆಳಗೆ ಅವರೇ ಹೊಸದಾಗಿ ಗೆರೆ ಎಳೆದು ಸೇರಿಸಿದ ಒಂದು ಸಾಲು: ಅಳಿಯಂದಿರು, ಪರಿಶೀಲನೆ ಬಾಕಿ.